ಒರಾನುಮ್

ಆ ಬೇಸಿಗೆಯಲ್ಲಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಉಪ್ಪಿನ ಬಟ್ಟಲು ಆ ತುದಿಯಿಂದ ಈ ತುದಿಗೆ ಬರಬೇಕಾದರೆ ನನ್ನ ಬಾಯಿಯ ಮೂಲಕವೇ ಬರಬೇಕಾಗಿತ್ತು.

“ಇರ್ಮಾ, ನಿನ್ನ ಮಗಳಿಗೆ ಹೇಳು, ಉಪ್ಪು ಈ ಕಡೆ ತಳ್ಳಲಿ,” ಎನ್ನುತ್ತಿದ್ದರು ಮಾವ.

ನನ್ನ ಮಗಳು ನೆರೀನಾ ಅವರ ಎದುರಿಗೇ ಕೂತಿರುತ್ತಿದ್ದಳು. ಕೈ ಚಾಚಿದರೆ ಅವರ ಮೀಸೆ ಎಳೆಯಬಹುದಿತ್ತು, ಅಷ್ಟು ಹತ್ತಿರ.

“ಅಮ್ಮ, ಅಜ್ಜನಿಗೆ ಹೇಳು, ಉಪ್ಪು ಅವರ ಮೊಣಕೈ ಪಕ್ಕದಲ್ಲೇ ಇದೆ ಅಂತ.”

“ಮಾವ, ಉಪ್ಪು ನಿಮ್ಮ ಮೊಣಕೈ ಪಕ್ಕದಲ್ಲೇ ಇದೆ.”

“ನಾನೇನು ಕಿವುಡನಾ? ಕೇಳಿಸ್ತು.”

ಕೇಳಿಸುವುದಾದರೆ ನನ್ನ ಗಂಟಲು ಯಾಕೆ ಹರಿಯಬೇಕು ಎಂದು ಯಾರೂ ಕೇಳಲಿಲ್ಲ. ನನ್ನ ಗಂಡ ಗಿಲ್ದೊ ಮೆಕ್ಕೆಜೋಳದ ಹಿಟ್ಟು ಬೇಯಿಸಿ ಮಾಡಿದ ಪೊಲೆಂತದ ತುಂಡನ್ನು ಕಾಳಿನ ಸಾರಿನಲ್ಲಿ ಅದ್ದುತ್ತಾ ತಟ್ಟೆಯಲ್ಲೇ ಕಣ್ಣು ನೆಟ್ಟಿದ್ದ. ಮಗ ಓಲಿಂದೊ ಎರಡು ತಟ್ಟೆ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದ. ಸೈಕಲ್ ಓಟಗಾರನಿಗೆ ಮನೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟರೂ ಹಸಿವು ಬಿಡುವುದಿಲ್ಲ. ಐದು ಜನರ ಮನೆಗೆ ಒಬ್ಬಳು ಟಪಾಲಿನವಳು ಬೇಕಾಗಿತ್ತು, ಆ ಕೆಲಸ ನನಗೆ ಬಿತ್ತು.

ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ವರ್ಕ್‌ಶಾಪು. ಸೈಕಲ್ ಚಕ್ರದ ಅಚ್ಚು, ಅದನ್ನು ಚೌಕಟ್ಟಿಗೆ ಬಿಗಿಯುವ ನಟ್ಟು, ಇವೆರಡೇ ನಮ್ಮ ಹೊಟ್ಟೆಪಾಡು. ಎರಡು ಕಿವಿ ಇರುವ ಆ ನಟ್ಟಿಗೆ ನಮ್ಮ ಕಡೆ ಹುಂಜ ಎನ್ನುತ್ತಾರೆ. ನನ್ನ ಮಾವ ಎವರಿಸ್ತೊ ಮುನಾರೊ ನಲವತ್ತು ವರ್ಷ ಹುಂಜ ಮಾಡಿದವರು. ಹೆಬ್ಬೆರಳು, ತೋರುಬೆರಳು, ಅಷ್ಟೇ. ಅವರು ಆ ಎರಡು ಬೆರಳಲ್ಲಿ ತಿರುಗಿಸಿ ಬಿಗಿದ ಹುಂಜವನ್ನು ಬಿಚ್ಚಲು ಉಳಿದವರಿಗೆ ಇಕ್ಕಳ ಬೇಕಾಗುತ್ತಿತ್ತು. ಅದನ್ನು ಊರೆಲ್ಲ ಹೇಳುತ್ತಿತ್ತು, ಊರು ಮರೆತ ದಿನ ಅವರೇ ಹೇಳಿಕೊಳ್ಳುತ್ತಿದ್ದರು.

ಯುದ್ಧದ ಕಾಲದಲ್ಲಿ ಗಿಲ್ದೊ ಸೆರೆಯಲ್ಲಿದ್ದಾಗ ಹದಿನಾರು ವರ್ಷದ ನೆರೀನಾಳನ್ನು ಲೇತಿನ ಮುಂದೆ ನಿಲ್ಲಿಸಿದವರು ಮಾವನೇ. ಗಂಡಸರು ಮರಳಿದ ಮೇಲೆ ಊರಿನ ಹುಡುಗಿಯರೆಲ್ಲ ಮನೆಗೋ ಗಿರಣಿಗೋ ಹೋದರು. ಇವಳು ಲೇತ್ ಬಿಡಲಿಲ್ಲ. ಇಪ್ಪತ್ನಾಲ್ಕಾದರೂ ಉಗುರಿನ ಕೆಳಗೆ ಕಪ್ಪು, ಕೂದಲಲ್ಲಿ ಕಬ್ಬಿಣದ ಸುರುಳಿ. ಮದುವೆಯ ಮಾತೆತ್ತಿದರೆ, “ಯಾವನಾದ್ರೂ ನನ್ನ ಲೇತನ್ನೂ ಮದುವೆ ಆಗ್ತಾನಾ ಕೇಳು,” ಎನ್ನುತ್ತಿದ್ದಳು.

ಏಪ್ರಿಲ್‌ನ ಓಟದಲ್ಲಿ ಓಲಿಂದೊನ ಹಿಂದಿನ ಚಕ್ರ ಪಂಚರ್ ಆಯಿತು. ಮುಂದಿನ ಚಕ್ರವಾದರೆ ಸುಲಭ, ಹಿಂದಿನದು ಹಾಗಲ್ಲ. ಹುಂಜ ಬಿಚ್ಚಬೇಕು, ಚೈನನ್ನು ಕೈಯಿಂದ ಎತ್ತಿ ಹಲ್ಲುಗಳಿಂದ ಬಿಡಿಸಬೇಕು, ಮತ್ತೆ ಕೂರಿಸಬೇಕು. ಅವನು ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಎದ್ದು ನಿಲ್ಲುವ ಹೊತ್ತಿಗೆ ಇಡೀ ಗುಂಪು ಸೇತುವೆ ದಾಟಿ ಹೋಗಿತ್ತು. ಅವನು ಅಳುತ್ತಾ ಬಂದ. ಓಟ ನೋಡಲು ಹೋಗಿದ್ದ ನೆರೀನಾ ಅವನ ಹಿಂದೆಯೇ ಬಂದಳು. ಬಂದವಳು ಅಡುಗೆಮನೆಗೆ ಹೋಗಿ ನಿಂಬೆ ಶರಬತ್ತಿನ ಬಾಟಲಿ ತೆಗೆದುಕೊಂಡು ಅದರ ಮುಚ್ಚಳವನ್ನು ತೆಗೆಯುತ್ತಾ ಹಾಕುತ್ತಾ ಕೂತಳು. ತಂತಿ ಇರುವ ಮುಚ್ಚಳ ಅದು. ತಿರುಗಿಸುವಂತಿಲ್ಲ, ತಂತಿಯನ್ನು ಕೆಳಕ್ಕೆ ಮಡಚಿದರೆ ಟಕ್ ಎಂದು ಕೂತುಬಿಡುತ್ತದೆ.

“ಶರಬತ್ತು ಕುಡೀತೀಯೋ, ಮುಚ್ಚಳ ತಿಂತೀಯೋ?” ಎಂದೆ.

“ಅಮ್ಮ, ಇದನ್ನ ಎಷ್ಟು ಸಲ ಮುಚ್ಚಿರಬಹುದು ನೀನು?”

“ಲೆಕ್ಕ ಇಟ್ಟಿಲ್ಲ ಕಣೆ.”

“ಒಂದ್ಸಲಾನಾದ್ರೂ ತಾನಾಗೇ ಬಿಚ್ಚಿಕೊಂಡಿದೆಯಾ?”

ಇಲ್ಲ ಎಂದೆ. ಅವಳು ಬಾಟಲಿ ಹಿಡಿದುಕೊಂಡೇ ಕೆಳಗಿಳಿದಳು.

ಜೂನ್ ಮುಗಿಯುವಷ್ಟರಲ್ಲಿ ಅವಳ ಅಚ್ಚು ಸಿದ್ಧವಾಯಿತು. ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಚೈನು, ಹಲ್ಲುಚಕ್ರ ಎರಡೂ ಚೌಕಟ್ಟಿನ ಬಲಗಡೆಗೇ ಅಂಟಿಕೊಂಡು ನಿಲ್ಲುತ್ತವೆ. ಎಡಗಡೆಯಿಂದ ಅಚ್ಚನ್ನು ಎಳೆದರೆ ಸೂಜಿಯಿಂದ ದಾರ ಬಂದಂತೆ ಪೂರ್ತಿ ಈಚೆ ಬರುತ್ತದೆ, ಚಕ್ರ ಕೈಗೆ ಬೀಳುತ್ತದೆ. ಚೈನು ಮುಟ್ಟುವ ಹಾಗೇ ಇಲ್ಲ. ಹಾಕುವಾಗ ಅಚ್ಚನ್ನು ತೂರಿಸಿ, ನಾಲ್ಕು ಸುತ್ತು ತಿರುಗಿಸಿ, ಕೊನೆಗೆ ತುದಿಯಲ್ಲಿರುವ ಲಿವರನ್ನು ಮಡಚಬೇಕು. ಆ ಮಡಚುವುದೇ ಬಿಗಿ. ತಿರುಗಿಸುವುದು ಬರೀ ಹಿಡಿತಕ್ಕೆ. ಓಲಿಂದೊ ಬಿಳಿ ಅಂಗಿ ಹಾಕಿಕೊಂಡು ಚಕ್ರ ತೆಗೆದು ಹಾಕಿ ತೋರಿಸಿದ. ಅಂಗಿಯ ಮೇಲೆ ಒಂದು ಕಲೆ ಇರಲಿಲ್ಲ. ಬಟ್ಟೆ ಒಗೆಯುವವಳಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮಾವ ಅಲ್ಲಿಯವರೆಗೂ ತಡೆದುಕೊಂಡಿದ್ದರು. ಪಟ್ಟಣದ ದೊಡ್ಡ ಕಾರ್ಖಾನೆಯವರು ಆಗಲೇ ಹುಂಜದ ಬದಲು ಲಿವರ್ ಮಾಡುತ್ತಿದ್ದರು, ಅದನ್ನು ಕಂಡರೇ ಅವರಿಗೆ ಆಗದು. ಅದನ್ನು ಬೆರಳಲ್ಲೂ ಮುಟ್ಟಿದವರಲ್ಲ. ಆದರೂ ಮೊಮ್ಮಗಳ ಕೈಚಳಕದ ಬಗ್ಗೆ ಒಳಗೊಳಗೇ ಹೆಮ್ಮೆ ಇತ್ತು. ಒಂದು ಸಂಜೆ ಅವಳು ಲಿವರಿನ ಮೇಲೆ ನಮ್ಮ ಮನೆತನದ ಹೆಸರನ್ನು ಉಬ್ಬು ಅಕ್ಷರದಲ್ಲಿ ಕೊರೆದು ತಂದಳು. ಮಾವ ಕನ್ನಡಕ ಏರಿಸಿ ಓದಿದರು.

“ಒ... ರಾ... ನುಮ್. ಒರಾನುಮ್? ಯಾರೇ ಅದು ಒರಾನುಮ್?”

“ನಾವೇ ಅಜ್ಜ. ಮುನಾರೊ, M-U-N-A-R-O. ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಕೊರೆದಿದೀನಿ.”

“ಉಲ್ಟಾ ಯಾಕೆ?”

“ಮಡಚೋದಕ್ಕೆ ಮುಂಚೆ, ಮಡಚಿದ ಮೇಲೆ, ಎರಡು ಸಲಾನೂ ಲಿವರ್ ಚೌಕಟ್ಟಿಗೆ ಒರಗಿಕೊಂಡೇ ಇರುತ್ತೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಅಂಗೈ ಇಟ್ಟು ಜೋರಾಗಿ ಒತ್ತಿ ಮಡಚಿದ್ರೆ ಮಾತ್ರ ಅಂಗೈಯಲ್ಲಿ ಅಕ್ಷರ ಮೂಡುತ್ತೆ. ಅಲ್ಲಿ ಮುನಾರೊ ಅಂತ ಸರಿಯಾಗಿ ಓದೋಕೆ ಬಂದ್ರೆ ಚಕ್ರ ಬಿಗಿಯಾಗಿದೆ ಅಂತ. ಅಮ್ಮ, ಬಾ ಇಲ್ಲಿ.”

ನನ್ನ ಕೈಯಲ್ಲಿ ಮಡಚಿಸಿದಳು. ಒತ್ತುವಾಗ ಹಲ್ಲು ಕಚ್ಚಬೇಕಾಯಿತು. ಕೈ ತೆಗೆದು ನೋಡಿದರೆ ಅಂಗೈ ನಡುವೆ ಕೆಂಪಗೆ ನಮ್ಮ ಹೆಸರು, ಒಂದಕ್ಷರವೂ ತಪ್ಪಿಲ್ಲದೆ. ನನಗೆ ನಗು ಬಂತು. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಈ ಮನೆಯ ಹೆಸರು ನನ್ನ ಮೈಮೇಲೆ ಬಂದಿತ್ತು.

ಮಾವನಿಗೆ ನಗು ಬರಲಿಲ್ಲ.

“ನಲವತ್ತು ವರ್ಷ ನೆಟ್ಟಗೆ ಓದಿಸಿಕೊಂಡ ಹೆಸರು. ಅಂಗಡಿಯ ಗಾಜಿನ ಮುಂದೆ ನಿಂತು ಜನ ಒರಾನುಮ್ ಅಂತ ಓದ್ಬೇಕಾ? ಎವರಿಸ್ತೊನಿಗೆ ವಯಸ್ಸಾಯ್ತು, ಅಕ್ಷರ ಮರೆತುಹೋಯ್ತು ಅಂತ ನಗ್ಬೇಕಾ?”

“ಹೆಸರು ಗಾಜಿನೊಳಗೆ ಇರೋದಕ್ಕಲ್ಲ ಅಜ್ಜ, ಕೈಯಲ್ಲಿ ಇರೋದಕ್ಕೆ.”

“ನೆಟ್ಟಗೆ ಕೊರಿ.”

“ಕೊರೆಯಲ್ಲ.”

“ಹಾಗಾದ್ರೆ ನನ್ನ ಜೊತೆ ಮಾತಾಡ್ಬೇಡ.”

“ಸರಿ, ಆಡಲ್ಲ.”

ಇಬ್ಬರೂ ಮಾತಿಗೆ ತಪ್ಪದವರು. ಊರಿನಲ್ಲಿ ಸುದ್ದಿ ಹಬ್ಬಲು ಎರಡು ದಿನ ಸಾಕಾಯಿತು. ಮಾವ ವೈನಂಗಡಿಗೆ ಕಾಲಿಟ್ಟರೆ, “ಬನ್ನಿ ಒರಾನುಮ್ ಯಜಮಾನ್ರೇ,” ಎಂದು ಯಾರೋ ಮೂಲೆಯಿಂದ ಕೂಗುತ್ತಿದ್ದರಂತೆ. ಅವರು ಇಸ್ಪೀಟಾಟ ಬಿಟ್ಟು ಮನೆಗೆ ಬಂದು ನನ್ನ ಮೇಲೆ ಹಾರಾಡುತ್ತಿದ್ದರು.

“ನಿನ್ನ ಮಗಳಿಗೆ ಹೇಳು, ನನ್ನ ಮುಖಕ್ಕೆ ಮಸಿ ಬಳಿದಾಯ್ತಲ್ಲ, ತೃಪ್ತಿ ಆಯ್ತಾ ಅಂತ.”

“ಅಮ್ಮ, ಅಜ್ಜನಿಗೆ ಹೇಳು, ಮಸಿ ಬಳಿಯದೇ ಚಕ್ರ ಬಿಚ್ಚೋದಕ್ಕೇ ನಾನು ಇದನ್ನ ಮಾಡಿದ್ದು.”

ಗಿಲ್ದೊ ಒಂದು ಸಲ ಧೈರ್ಯ ಮಾಡಿದ. ನವೆಂಬರಿನಲ್ಲಿ ಮಿಲಾನಿನಲ್ಲಿ ಸೈಕಲ್ ಮೇಳ. ಅಲ್ಲಿಗೆ ಈ ಅಚ್ಚನ್ನು ಕೊಂಡೊಯ್ಯೋಣ ಅಪ್ಪ, ಹುಂಜ ಕೇಳುವವರು ವರ್ಷವರ್ಷ ಕಡಿಮೆಯಾಗುತ್ತಿದ್ದಾರೆ ಎಂದ. ಹೇಳುವಾಗ ಅವನ ಕಣ್ಣು ನೀರಿನ ಹೂಜಿಯ ಮೇಲಿತ್ತು.

ಮಾವ ಚಾಕು ಕೆಳಗಿಟ್ಟರು. “ಆಗಲಿ. ಸಂತ ರೋಕ್ಕೊ ಹಬ್ಬದ ಓಟದಲ್ಲಿ ಓಲಿಂದೊ ಇದೇ ಅಚ್ಚು ಹಾಕ್ಕೊಂಡು ಓಡಲಿ. ಚಕ್ರ ಜಾರದೆ ನಿಂತ್ರೆ ಮಿಲಾನಿಗೆ ಹೋಗಲಿ, ಒರಾನುಮ್ ಅಂತಲೇ ಹೋಗಲಿ, ನಾನು ಬಾಯಿ ಬಿಡಲ್ಲ. ಚಕ್ರ ಜಾರಿದ್ರೆ ಇವಳು ಮತ್ತೆ ಕೆಳಗೆ ಕಾಲಿಡಬಾರದು. ಉಣ್ಣೆ ಗಿರಣಿಯಲ್ಲಿ ಜನ ಬೇಕಂತೆ, ಸೆಪ್ಟೆಂಬರ್ ಮೊದಲ ಸೋಮವಾರ ಹೋಗಿ ಸೇರ್ಕೊಳ್ಳಲಿ. ಕೇಳು ನಿನ್ನ ಮಗಳನ್ನ, ಒಪ್ಪಿಗೆಯಾ?”

ನಾನು ಅವಳ ಕಡೆ ತಿರುಗಿದೆ. ಬೇಡ ಅನ್ನು ಎಂದು ಕಣ್ಣಲ್ಲೇ ಬೇಡಿಕೊಂಡೆ. ಆ ಲೇತ್ ಇಲ್ಲದೆ ಅವಳು ಹೇಗಿರುತ್ತಾಳೆ ಎಂದು ನನಗೆ ಗೊತ್ತಿತ್ತು. ಒಮ್ಮೆ ಜ್ವರ ಬಂದು ಹತ್ತು ದಿನ ಮಲಗಿದ್ದಾಗ ಕೆಳಗಿನ ಸದ್ದು ಕೇಳಿಸಲೆಂದು ನೆಲಕ್ಕೆ ಕಿವಿಯಿಟ್ಟು ಮಲಗುತ್ತಿದ್ದವಳು.

“ಒಪ್ಪಿಗೆ ಅಂತ ಹೇಳು,” ಎಂದಳು.

ಇನ್ನೊಂದು ತೊಡಕಿತ್ತು. ಓಟದ ದಿನ ಬೆಳಗ್ಗೆ ನಮ್ಮ ಮನೆಯ ಸೈಕಲನ್ನು ಹೆಂಗಸರು ಮುಟ್ಟುವಂತಿಲ್ಲ. ಗಿಲ್ದೊ ಓಡುತ್ತಿದ್ದ ಕಾಲದಿಂದಲೂ ಹಿಂದಿನ ಚಕ್ರವನ್ನು ಮಾವನೇ ಹಾಕಿ, ಸೀಟು ಹಿಡಿದು ಓಟ ಶುರುವಾಗುವ ಗೆರೆಯವರೆಗೆ ತಳ್ಳಿಕೊಂಡು ಹೋಗಿ ಓಟಗಾರನ ಕೈಗೆ ಕೊಡಬೇಕು. ಓಟಗಾರ ಆ ಹೊತ್ತಿನಲ್ಲಿ ಚರ್ಚಿನಲ್ಲಿ ಪಾದ್ರಿಗಳ ಮುಂದೆ ಮಂಡಿಯೂರಿರುತ್ತಾನೆ.

“ಅಮ್ಮ, ಅಜ್ಜ ಒಂದು ಸಲಾನೂ ಲಿವರ್ ಮಡಚಿ ನೋಡಿಲ್ಲ. ಐದು ನಿಮಿಷ ತೋರಿಸ್ತೀನಿ ಅಂತ ಹೇಳು.”

“ಮಾವ, ಐದು ನಿಮಿಷ ತೋರಿಸ್ತಾಳಂತೆ.”

“ಚಕ್ರ ಬಿಗಿಯೋದನ್ನ? ನನಗೆ?” ಎಂದು ಮಾವ ಹೆಬ್ಬೆರಳು, ತೋರುಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದರು. “ಅವಳು ತೊಟ್ಟಿಲಲ್ಲಿ ಉಚ್ಚೆ ಹೊಯ್ಕೊಳ್ತಿದ್ದಾಗ ಈ ಬೆರಳು ಎಷ್ಟು ಚಕ್ರ ಬಿಗಿದಿತ್ತು ಕೇಳು.”

ನಾನು ಕೇಳಲಿಲ್ಲ. ಎಲ್ಲರಿಗೂ ಕೇಳಿಸಿತ್ತು.

ಆಗಸ್ಟ್ ಹದಿನಾರು. ಹಬ್ಬದ ಅಡುಗೆ ಎಂದು ನಾನು ಐದಕ್ಕೇ ಎದ್ದಿದ್ದೆ. ಬಾತುಕೋಳಿ ಬೇಯುತ್ತಿತ್ತು. ಓಲಿಂದೊ ಚರ್ಚಿಗೆ ಹೋಗಿದ್ದ. ಅಂಗಳದಲ್ಲಿ ಮಾವ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಚಕ್ರ ಕೂರಿಸುತ್ತಿದ್ದರು. ನೆರೀನಾ ಅಡುಗೆಮನೆಯ ಬಾಗಿಲಾಚೆ ಹೋಗುವಂತಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ಅಮ್ಮ, ಕಾಫಿ ತಗೊಂಡು ಹೋಗ್ತೀಯಲ್ಲ, ಆಗ ಹೇಳು. ತಿರುಗಿಸಿ ಬಿಟ್ಟುಬಿಡಬಾರದು, ಕೊನೆಗೆ ಮಡಚಬೇಕು. ಅಂಗೈಯಲ್ಲಿ ಹೆಸರು ಬಂದಿದೆಯಾ ನೋಡ್ಕೊಳ್ಳಿ ಅನ್ನು. ಅಷ್ಟೇ. ಹೇಳ್ತೀಯಲ್ಲ?”

“ಹೇಳ್ತೀನಿ ಬಿಡು.”

“ಆಣೆ?”

“ಹೇಳ್ತೀನಿ ಅಂದ್ನಲ್ಲ!”

ಕಾಫಿ ಬಟ್ಟಲು ಹಿಡಿದು ಅಂಗಳಕ್ಕಿಳಿದೆ. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಮಾವ ಬಗ್ಗಿದ್ದವರು ಬಗ್ಗಿದಂತೆಯೇ ಗುಡುಗಿದರು.

“ಬಂದ್ಲು ನೋಡು ಟಪಾಲು ಹೊತ್ಕೊಂಡು. ಈಗೇನು ಕಳಿಸಿದ್ದಾಳೆ ನಿನ್ನ ಮಗಳು? ಹೆತ್ತೋಳು ನೀನು, ಬೆಳೆಸಿದ್ದು ಇಂಥದ್ದನ್ನ. ಕೈಗೆ ಒಂದು ಹೊಲಿಗೆ ಕಲಿಸಲಿಲ್ಲ, ಬಾಯಿಗೆ ಒಂದು ಮರ್ಯಾದೆ ಕಲಿಸಲಿಲ್ಲ. ಓದೋದಕ್ಕೂ ಸಹಿತ ಉಲ್ಟಾ ಕಲಿಸಿದೀಯ!”

ಲೇತ್ ಕಲಿಸಿದ್ದು ನಾನಲ್ಲ ಎಂದು ಹೇಳಬಹುದಿತ್ತು. ಆರು ವಾರದಿಂದ ಅವರ ಮಾತು ಇವಳಿಗೆ, ಇವಳ ಮಾತು ಅವರಿಗೆ ಹೊತ್ತು ಹೊತ್ತು ನನಗೆ ರೋಸಿಹೋಗಿತ್ತು. ಈ ಮನೆಯಲ್ಲಿ ನನ್ನದೇ ಒಂದು ಮಾತು ಕೇಳಿದವರಿರಲಿಲ್ಲ. ಹಾಳಾಗಿ ಹೋಗಲಿ, ಇಬ್ಬರೂ ಹಾಳಾಗಿ ಹೋಗಲಿ ಎನ್ನಿಸಿತು.

“ಏನಿಲ್ಲ,” ಎಂದೆ. “ಕಾಫಿ.”

ಅವರು ಬಟ್ಟಲಿಗೆ ಕೈ ಚಾಚಿದರು. ಹೆಬ್ಬೆರಳು, ತೋರುಬೆರಳಿನ ತುದಿ ಕಪ್ಪಗಿತ್ತು. ಅಂಗೈ ಈಗಷ್ಟೇ ತೊಳೆದ ತಟ್ಟೆಯಷ್ಟು ಚೊಕ್ಕಟವಾಗಿತ್ತು. ನೋಡಿದೆ, ಒಳಗೆ ಬಾತುಕೋಳಿ ಸೀದೀತು ಎಂದು ತಿರುಗಿ ಬಂದೆ.

“ಹೇಳಿದ್ಯಾ?” ಎಂದಳು ನೆರೀನಾ.

“ಹೂಂ,” ಎಂದೆ.

ಬೆಟ್ಟದ ಇಳಿಜಾರು ಮುಗಿದು ರಸ್ತೆ ಗಿರಣಿ ಕಡೆಗೆ ಹೊರಳುವಲ್ಲಿ ಓಲಿಂದೊ ಎದ್ದು ನಿಂತು ಪೆಡಲ್ ತುಳಿದ. ಮೂರನೆಯವನಾಗಿದ್ದ. ಹಿಂದಿನ ಚಕ್ರ ಒಂದು ಬದಿಗೆ ಸರಿದು ಚೌಕಟ್ಟಿಗೆ ಕಚ್ಚಿಕೊಂಡಿತು. ಕಲ್ಲಿನ ಗೋಡೆಗೆ ಹೆಗಲು ಬಡಿಯಿತು. ಕುತ್ತಿಗೆಯ ಕೆಳಗಿನ ಮೂಳೆ ಮುರಿದು, ಮೊಣಕೈ ಸುಲಿದು, ತುಟಿ ಎರಡಾಗಿ ಸೀಳಿತ್ತು. ತರಕಾರಿ ಗಾಡಿಯಲ್ಲಿ ಮಲಗಿಸಿಕೊಂಡು ತಂದರು. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳುವವರೆಗೆ ನಾನು ಏನು ಮಾಡಿದೆನೋ ನನಗೆ ನೆನಪಿಲ್ಲ. ಬಾತುಕೋಳಿಯನ್ನು ಯಾರೂ ಮುಟ್ಟಲಿಲ್ಲ, ಮರುದಿನ ನಾಯಿಗೆ ಹಾಕಿದೆ.

ಆ ಸಂಜೆ ಮಾವ ನೆರೀನಾಳ ಅರ, ಅಳತೆಯ ಕಡ್ಡಿ, ಚರ್ಮದ ಏಪ್ರನ್ ಎಲ್ಲವನ್ನೂ ಬುಟ್ಟಿಯಲ್ಲಿ ತಂದು ಅಡುಗೆಮನೆಯ ನೆಲಕ್ಕೆ ಸುರಿದರು.

“ನಿನ್ನ ಮಗಳಿಗೆ ಹೇಳು, ತಮ್ಮನನ್ನ ಕೊಲ್ಲೋದೊಂದು ಬಾಕಿ ಇತ್ತು, ಸ್ವಲ್ಪದರಲ್ಲಿ ತಪ್ಪಿತು ಅಂತ.”

ನೆರೀನಾ ನೆಲದ ಮೇಲೆ ಕೂತು ಅರಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿದಳು.

ಮುಂದಿನ ಎರಡು ವಾರ ಮನೆಯೊಳಗೆ ಕೂಗಾಟ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮಾವ ಕೆಳಗೆ ಹುಂಜ ಕಡೆಯುತ್ತಾ ಮೇಲಕ್ಕೆ ಕೇಳುವಂತೆ ಬೈಯುತ್ತಿದ್ದರು. ನೆರೀನಾ ಮುರಿದ ಸೈಕಲ್ಲಿನಿಂದ ಅಚ್ಚನ್ನು ತೆಗೆದುಕೊಂಡು ಕಿಟಕಿಯ ಬಳಿ ಕೂತು ಅಳೆಯುತ್ತಿದ್ದಳು. ಅಳತೆ ಸರಿಯಾಗಿಯೇ ಇತ್ತು. ಮತ್ತೆ ಅಳೆಯುತ್ತಿದ್ದಳು.

“ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ ಅಮ್ಮ. ನಾನೇ ಎಲ್ಲೋ ತಪ್ಪಿದೀನಿ. ಅಜ್ಜ ಹೇಳಿದ್ದು ಸರಿ, ಇವನನ್ನ ನಾನೇ ಬೀಳಿಸಿದೆ,” ಎಂದಳು ಒಂದು ದಿನ. ಕಣ್ಣು ಊದಿಕೊಂಡಿತ್ತು.

ನಾನು ಓಲಿಂದೊನ ಬಾಯಿಗೆ ಚಮಚದಲ್ಲಿ ಗಂಜಿ ಹಾಕುತ್ತಿದ್ದೆ. ಚಮಚ ಅವನ ಗದ್ದಕ್ಕೆ ತಗುಲಿ ಗಂಜಿ ಚೆಲ್ಲಿತು.

“ಅಮ್ಮ, ಬಾಯಿ ಇಲ್ಲಿದೆ,” ಎಂದ ಅವನು.

ಹೇಳಿಬಿಡಬೇಕೆಂದು ಅವತ್ತೇ ಅನ್ನಿಸಿತ್ತು. ಸುಳ್ಳು ಹೇಳುವುದಿಲ್ಲ, ನನಗೆ ಹೆದರಿಕೆಯಾಯಿತು. ಮಗನ ಮೂಳೆ ನನ್ನ ‘ಏನಿಲ್ಲ’ ಎಂಬ ಒಂದು ಮಾತಿಗೆ ಮುರಿದಿತ್ತು ಎಂದು ಯಾರ ಮುಂದೆ ಹೇಳಲಿ? ಪಾಪನಿವೇದನೆಗೆ ಹೋದರೂ ಪಾದ್ರಿಗಳ ಮುಂದೆ ಜಾಲರಿಯಾಚೆ ಕೂತು ಬೇರೆಯೇನೋ ಹೇಳಿ ಎದ್ದು ಬಂದೆ. ಆ ಚೊಕ್ಕಟ ಅಂಗೈ ಮಾತ್ರ ಪಾತ್ರೆ ತೊಳೆಯುವಾಗ, ಹಿಟ್ಟು ಜರಡಿ ಹಿಡಿಯುವಾಗ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು.

ಸೆಪ್ಟೆಂಬರಿನ ಮೊದಲ ಸೋಮವಾರದ ಹಿಂದಿನ ದಿನ, ಭಾನುವಾರ. ನೆರೀನಾಳ ಗಿರಣಿಯ ನೀಲಿ ಕೋಟು ಇಸ್ತ್ರಿಯಾಗಿ ಕುರ್ಚಿಯ ಬೆನ್ನ ಮೇಲೆ ತೂಗುತ್ತಿತ್ತು. ನಾನು ತಾಮ್ರದ ಪಾತ್ರೆಯಲ್ಲಿ ಪೊಲೆಂತ ತಿರುವುತ್ತಿದ್ದೆ. ಮುಕ್ಕಾಲು ಗಂಟೆ ಕೈ ಬಿಡದೆ ತಿರುವಬೇಕು, ಬಿಟ್ಟರೆ ತಳ ಹಿಡಿಯುತ್ತದೆ. ಅವಳು ಆ ಕೋಟನ್ನು ತೋಳಿಗೆ ಹಾಕಿ ನೋಡಿದಳು. ತೋಳು ಗಿಡ್ಡವಾಗಿತ್ತು. “ಇರಲಿ ಬಿಡು, ಅಲ್ಲಿ ಯಾರು ನೋಡ್ತಾರೆ,” ಎಂದಳು.

ನಾನು ಕೋಲು ಬಿಟ್ಟುಬಿಟ್ಟೆ.

ಕೆಳಗಿಳಿದು ಹೋಗಿ ಓಲಿಂದೊನ ಹಳೆಯ ಅಭ್ಯಾಸದ ಸೈಕಲ್ಲನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಬಂದು ಅಡುಗೆಮನೆಯ ನಡುವೆ ತಲೆಕೆಳಗಾಗಿ ನಿಲ್ಲಿಸಿದೆ. ನೆರೀನಾ ಮೊದಲು ಹೆಸರು ಕೊರೆದ ಅಚ್ಚು ಅದಕ್ಕೇ ಕೂರುತ್ತಿತ್ತು.

“ಇರ್ಮಾ, ತಳ ಹಿಡೀತಿದೆ!” ಎಂದ ಗಿಲ್ದೊ.

“ಹಿಡೀಲಿ.” ಅಚ್ಚನ್ನು ಮಾವನ ತಟ್ಟೆಯ ಪಕ್ಕದಲ್ಲಿಟ್ಟೆ. “ಮಾವ, ಹಬ್ಬದ ದಿನ ಹೇಗೆ ಹಾಕಿದ್ರೋ ಹಾಗೇ ಚಕ್ರ ಹಾಕಿ.”

“ತಲೆ ಕೆಟ್ಟಿದೆಯಾ ನಿನಗೆ? ಊಟದ ಹೊತ್ತು.”

“ಹಾಕದೇ ಇದ್ರೆ ಈ ಮನೇಲಿ ಇವತ್ತು ಊಟ ಇಲ್ಲ.”

ಇಪ್ಪತ್ತಾರು ವರ್ಷದಲ್ಲಿ ನಾನು ಅವರಿಗೆ ಎದುರಾಡಿದ್ದು ಅದೇ ಮೊದಲು. ಅವರಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತೆಂದು ಕಾಣುತ್ತದೆ. ಎದ್ದರು. ಅಚ್ಚು ತೂರಿಸಿದರು. ಹೆಬ್ಬೆರಳು, ತೋರುಬೆರಳಿನಲ್ಲಿ ಲಿವರನ್ನು ಹಿಡಿದು ಹುಂಜದಂತೆ ತಿರುಗಿಸಿದರು, ತಿರುಗಿಸಿದರು, ಕುತ್ತಿಗೆಯ ನರ ಉಬ್ಬುವವರೆಗೆ ತಿರುಗಿಸಿದರು. ಕೊನೆಗೆ ಲಿವರ್ ಚೌಕಟ್ಟಿಗೆ ನೀಟಾಗಿ ಒರಗಿ ನಿಂತಿತು. ಕೈ ಕೊಡವಿಕೊಂಡರು.

“ನೋಡ್ಕೋ. ಇದನ್ನ ಬಿಚ್ಚೋಕೆ ಇಕ್ಕಳ ಬೇಕು.”

ನೆರೀನಾ ಎದ್ದು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು.

“ಅಂಗೈ ತೋರಿಸಿ ಮಾವ,” ಎಂದೆ.

ತೋರಿಸಿದರು. ಏನೂ ಇರಲಿಲ್ಲ. ನಾನು ಚಕ್ರಕ್ಕೆ ಮೇಲಿನಿಂದ ಮುಷ್ಟಿ ಕಟ್ಟಿ ಒಂದು ಗುದ್ದು ಗುದ್ದಿದೆ. ಬಟ್ಟೆ ಒಗೆದು ಗಟ್ಟಿಯಾದ ಕೈ ನನ್ನದು. ಚಕ್ರ ಒಂದು ಬದಿಗೆ ಸರಿದು ಚೌಕಟ್ಟಿಗೆ ಕಚ್ಚಿಕೊಂಡು ನಿಂತಿತು. ಬ್ಯಾಂಡೇಜಿನಲ್ಲಿ ಕೂತಿದ್ದ ಓಲಿಂದೊ, “ಹೀಗೇ! ಅವತ್ತೂ ಹೀಗೇ ಆಗಿದ್ದು!” ಎಂದು ಕೂಗಿಕೊಂಡ.

ಮಾವ ಚಕ್ರ ನೋಡಿದರು, ತಮ್ಮ ಬೆರಳು ನೋಡಿಕೊಂಡರು.

“ಇದನ್ನ... ಮಡಚಬೇಕಾ?” ಎಂದರು. ನಲವತ್ತು ವರ್ಷದ ಧ್ವನಿ ಅದಾಗಿರಲಿಲ್ಲ. ಮರುಕ್ಷಣವೇ ಹಳೆಯದು ಮರಳಿತು. “ಯಾರು ಹೇಳಿದ್ರು ನನಗೆ? ಯಾವನಾದ್ರೂ ಹೇಳಿದ್ನಾ?”

“ನಾನು ಹೇಳಿ ಕಳಿಸಿದ್ದೆ!” ನೆರೀನಾ ಕಿರುಚಿದಳು. “ಅವತ್ತು ಬೆಳಗ್ಗೆ, ಕಾಫಿ ಜೊತೆ! ಅಮ್ಮ, ಹೇಳು, ಹೇಳಿದ್ಯಲ್ಲ?”

ಒಲೆಯ ಮೇಲೆ ಪೊಲೆಂತ ಸೀದು ಹೊಗೆ ಏಳುತ್ತಿತ್ತು. ಯಾರೂ ಆ ಕಡೆ ನೋಡಲಿಲ್ಲ.

“ಹೇಳಲಿಲ್ಲ,” ಎಂದೆ. “ಏನಿಲ್ಲ, ಕಾಫಿ ಅಂದೆ. ನಿಮ್ಮಿಬ್ಬರ ಟಪಾಲು ಹೊತ್ತು ಸಾಕಾಗಿತ್ತು. ಅಂಗೈ ಖಾಲಿ ಇದ್ದದ್ದನ್ನೂ ನೋಡಿದೆ. ನೋಡಿ ಸುಮ್ಮನೆ ಬಂದೆ.”

“ನೋಡಿದ್ರಾ!” ಮಾವನಿಗೆ ಹೋದ ಜೀವ ಬಂದಂತಾಯಿತು. ಬೆರಳು ನನ್ನ ಕಡೆಗೆ ತಿರುಗಿತು. “ಹಾಗಾದ್ರೆ ಇವಳೇ! ಮಗನ ಮೂಳೆ ಮುರಿದೋಳು ಇವಳೇ!”

“ಅಪ್ಪ, ಸಾಕು,” ಎಂದ ಗಿಲ್ದೊ. ಅವನು ಮೇಜಿಗೆ ಕೈ ಬಡಿದದ್ದು ಎಲ್ಲರಿಗೂ ಕೇಳಿಸಿತು. “ಎದುರಿಗೆ ಕೂತೋರ ಹತ್ರ ಮಾತಾಡೋಕೆ ನಿಮಗೆ ನನ್ನ ಹೆಂಡತಿ ಬಾಯಿ ಬೇಕಿತ್ತಾ?”

ನೆರೀನಾ ನನ್ನ ಮುಖ ನೋಡಲಿಲ್ಲ. ಹದಿನೈದು ದಿನ ಅವಳು ಅಳತೆಗೋಲು ಹಿಡಿದು ತನ್ನಲ್ಲೇ ತಪ್ಪು ಹುಡುಕುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೆ. ಅದನ್ನು ಅವಳು ಲೆಕ್ಕ ಹಾಕುತ್ತಿದ್ದಳೆಂದು ಕಾಣುತ್ತದೆ. ನನ್ನನ್ನು ಸುತ್ತುಹಾಕಿ ಸೈಕಲ್ಲಿನ ಬಳಿ ಹೋದಳು. ಚಕ್ರ ನೆಟ್ಟಗೆ ಮಾಡಿ ಲಿವರನ್ನು ಎರಡು ಸುತ್ತು ಸಡಿಲಿಸಿ ಹೊರಕ್ಕೆ ತಿರುಗಿಸಿ ಹಿಡಿದಳು.

“ಅಜ್ಜ, ಕೈ ಕೊಡಿ.”

ಒಂಬತ್ತು ವಾರದ ಮೇಲೆ ಅವರಿಗೇ ನೇರವಾಗಿ ಆಡಿದ ಮಾತು ಅದು. ಅವರು ಕೊಡಲಿಲ್ಲ. ಅವಳೇ ಮಣಿಕಟ್ಟು ಹಿಡಿದು ಎಳೆದು, ಅವರ ಅಂಗೈಯನ್ನು ಲಿವರಿನ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಮಾವ “ಅಯ್ಯೋ ಪಾಪಿ” ಎಂದು ಬೈದರು. ಟಕ್ ಎಂದು ಲಿವರ್ ಕೂತಿತು.

ಅಂಗೈ ತಿರುಗಿಸಿ ನೋಡಿಕೊಂಡರು. ಕಿಟಕಿಯ ಬಳಿ ಹೋಗಿ ಕನ್ನಡಕ ಏರಿಸಿ ಮತ್ತೆ ನೋಡಿಕೊಂಡರು. ನಾನು ನಿಂತಲ್ಲಿಗೂ ಕಾಣುತ್ತಿತ್ತು. ಆರು ಅಕ್ಷರ, ಕೆಂಪಗೆ, ನೆಟ್ಟಗೆ. ತುಟಿ ಅಲ್ಲಾಡಿಸಿ ಓದಿಕೊಂಡರು. ಚಕ್ರಕ್ಕೆ ಬಂದು ತಾವೇ ಎರಡು ಗುದ್ದು ಗುದ್ದಿ ನೋಡಿದರು. ಅದು ಮಿಸುಕಲಿಲ್ಲ.

“ಅವಳ ಲೇತಿಗೆ ಹದಿನೈದು ದಿನದಿಂದ ಎಣ್ಣೆ ಬಿದ್ದಿಲ್ಲ,” ಎಂದರು, ಕಿಟಕಿಯ ಕಡೆಗೇ ಮುಖ ಮಾಡಿಕೊಂಡು. ನಾನು ಅಭ್ಯಾಸಬಲದಿಂದ ಆ ಮಾತನ್ನು ಮಗಳಿಗೆ ದಾಟಿಸಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. “ನೀನು ಸುಮ್ಮನಿರು. ನೆರೀನಾ, ನಾಳೆ ಆರು ಗಂಟೆಗೆ ಕೆಳಗೆ ಬಾ. ತಡ ಮಾಡಿದ್ರೆ ಬಾಗಿಲು ಹಾಕ್ಕೊಳ್ತೀನಿ.”

“ಬರ್ತೀನಿ.”

ತಳ ಹಿಡಿದ ಪೊಲೆಂತವನ್ನೇ ಹಲಗೆಯ ಮೇಲೆ ಸುರಿದು, ದಾರದಿಂದ ಕೊಯ್ದು, ಸೀದದ್ದನ್ನು ನನ್ನ ತಟ್ಟೆಗೆ ಹಾಕಿಕೊಂಡು ಉಳಿದದ್ದನ್ನು ಹಂಚಿದೆ. ಎಲ್ಲರೂ ಕೂತರು. ನೀಲಿ ಕೋಟನ್ನು ಯಾರೋ ಕುರ್ಚಿಯಿಂದ ತೆಗೆದು ಮೂಲೆಗೆ ಎಸೆದಿದ್ದರು. ಮಾವ ಎಡಗೈಯಲ್ಲಿ ತಿನ್ನುತ್ತಿದ್ದರು, ಬಲಗೈ ಅಂಗೈ ಮೇಲಾಗಿ ಮೇಜಿನ ಮೇಲಿತ್ತು.

ಉಪ್ಪಿನ ಬಟ್ಟಲು ನನ್ನ ಮುಂದೆ ಇತ್ತು. ನೆರೀನಾ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ.

“ಅಜ್ಜ,” ಎಂದಳು, “ಅಮ್ಮನಿಗೆ ಹೇಳಿ, ಉಪ್ಪು ಈ ಕಡೆ ತಳ್ಳಲಿ.”